ಕರೆದರೆ ತಿರುಗುತ್ತಾನೆ

ಇವತ್ತು ಮಯೂರಿಗೆ ಹೇಳಿಯೇಬಿಡಬೇಕು ಎಂದು ಮನೆಯಿಂದ ಹೊರಟ ಬಯಾಬಾಯಿ, ಹಿಟ್ಟಿನ ಗಿರಣಿಯ ತಿರುವಿಗೆ ಬರುವಷ್ಟರಲ್ಲಿ ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಪಾಳಣಾಘರದ ಮೆಟ್ಟಿಲ ಹತ್ತಿರ ಬಂದಾಗ, ಹೇಳುವುದಾದರೂ ಏನನ್ನು, ತಾನೇನು ಡಾಕ್ಟರೇ, ಎಂಬಲ್ಲಿಗೆ ಬಂದು ನಿಂತಿದ್ದಳು. ಐದು ತಿಂಗಳಿಂದ ಅವಳ ಮನಸ್ಸು ಈ ಒಂದೇ ಹಾದಿಯನ್ನು ಹೀಗೆ ತುಳಿದು ಸವೆಸಿತ್ತು. ಚಪ್ಪಲಿ ಬಿಟ್ಟು ಬರಿಗಾಲನ್ನು ಫರಸಿಕಲ್ಲಿನ ಮೇಲೆ ಇಟ್ಟಕೂಡಲೇ ಹಿಂದಿನ ಶೆಡ್ಡಿನಲ್ಲಿ ಮಗ್ಗಗಳು ಶುರುವಾಗಿವೆಯೆಂದು ತಿಳಿಯಿತು. ಇಪ್ಪತ್ನಾಲ್ಕರಲ್ಲಿ ಒಂದೆರಡು ನಿಂತಿದ್ದರೂ ಅಂಗಾಲು ಅದನ್ನು ಹೇಳುತ್ತಿತ್ತು. ಇಚಲಕರಂಜಿಯ ಈ ಗಲ್ಲಿಗೆ ಹೊಸದಾಗಿ ಬಂದವರು ಆ ಸದ್ದಿಗೆ ಹಣೆ ಗಂಟಿಕ್ಕುತ್ತಾರೆ, ಹಳಬರು ದನಿ ಎತ್ತರಿಸಿ ಮಾತಾಡುತ್ತಾರೆ. ಬಯಾಬಾಯಿಯ ಪಾಲಿಗೆ ಸದ್ದು ಎಂಬುದು ಕಾಲಿನ ಕೆಳಗಿನ ನಡುಕವಾಗಿ ಮಾತ್ರ ಉಳಿದಿತ್ತು. ಎದುರಿಗೆ ನಿಂತು ಹೇಳಿದರೆ ಅರ್ಧವನ್ನು ತುಟಿಯಿಂದ ಓದಿಕೊಳ್ಳುತ್ತಿದ್ದಳು, ಉಳಿದರ್ಧವನ್ನು ಊಹಿಸುತ್ತಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದೇ ಅವಳ ನಿಜವಾದ ಕೆಲಸವಾಗಿತ್ತು. ಕೂಸುಗಳನ್ನು ನೋಡಿಕೊಳ್ಳುವುದು ಅದರ ಮೇಲಿನ ಕೆಲಸ.

ದುಡಿಯುವ ತಾಯಂದಿರು ಕೂಸುಗಳನ್ನು ಬಿಟ್ಟುಹೋಗುವ ಈ ಪಾಳಣಾಘರವೆಂದರೆ ಕಾಂಚನ ವೈನಿಯವರ ಮಗ್ಗದ ಶೆಡ್ಡಿನ ಮುಂದಿನ ಎರಡು ಖೋಲಿಗಳು. ಒಂದರಲ್ಲಿ ನಡೆದಾಡುವ, ಮಾತಾಡುವ ಮಕ್ಕಳು, ಗೋಡೆಯ ತುಂಬ ಅಕ್ಷರ, ಹಣ್ಣು, ಪ್ರಾಣಿ. ಅದು ಗಡಹಿಂಗ್ಲಜದಿಂದ ಬಂದ ಟೀಚರ್ ಮೋನಾಲಿಯ ರಾಜ್ಯ. ಇನ್ನೊಂದರಲ್ಲಿ ಒಂದೂವರೆ ವರ್ಷದೊಳಗಿನ ಏಳು ಕೂಸುಗಳು, ಹಳೆಯ ಸೀರೆಯಲ್ಲಿ ಕಟ್ಟಿದ ಮೂರು ಜೋಳಿಗೆ, ಬಿಸಿನೀರಿನ ಥರ್ಮಾಸು, ಒಗೆದ ಲಂಗೋಟಿಗಳ ಸಾಲು; ಅದು ಬಯಾಬಾಯಿಯದು. ಇಲ್ಲಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಅವಳು ಇಂಥದೇ ಶೆಡ್ಡುಗಳಲ್ಲಿ ಕಾಂಡಿಗೆ ನೂಲು ಸುತ್ತಿದವಳು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕರೆದರೂ ಮಗ್ಗಗಳ ಅಬ್ಬರದಲ್ಲಿ ಅದು ಬಾಯಿಂದ ಹೊರಬೀಳುವ ಮೊದಲೇ ಸಾಯುತ್ತಿತ್ತು. ಪಕ್ಕದವಳು ಬೇಕಾದರೆ ಅವಳು ಕೂತ ಹಲಗೆಯನ್ನು ಅಂಗೈಯಿಂದ ಎರಡು ಸಲ ಬಡಿಯಬೇಕು. ಅವಳು ತಿರುಗುತ್ತಾಳೆ. ಕೆಲಸ ಬಿಟ್ಟು ಎಂಟು ವರ್ಷವಾದರೂ ಬಯಾಬಾಯಿಯ ಕೈ ಆ ಭಾಷೆಯನ್ನು ಮರೆತಿರಲಿಲ್ಲ. ಕೂಸುಗಳನ್ನೂ ಹಾಗೆಯೇ ಕರೆಯುತ್ತಿದ್ದಳು. ಚಾಪೆಯ ಪಕ್ಕದ ನೆಲವನ್ನು ಟಪಟಪ ಬಡಿದರೆ ಏಳು ತಲೆಗಳೂ ಅವಳ ಕಡೆ ತಿರುಗುತ್ತಿದ್ದವು. ಅದರಲ್ಲಿ ಎಲ್ಲರಿಗಿಂತ ಮೊದಲು ತಿರುಗುವವನು ಮಯೂರಿಯ ಮಗ ಸೌರಭ.

ಮೋನಾಲಿ ಬಂದವಳೇ ಜನವರಿಯ ಹಾಳೆಗಳ ಕಟ್ಟು ಬಿಚ್ಚಿದಳು. "ಮಾವಶಿ, ಇವತ್ತ ನಾಕಕ್ಕ ಎಲ್ಲಾ ತಾಯಂದ್ರೂ ಬರತಾರ. ಬೋರನಾಣ ಮುಗಿಸಿ ಹಾಳಿ ಕೊಟ್ಟ ಕಳಸೂಣು. ಸಣ್ಣ ಕೂಸುಗೋಳದ್ದ ನೀವು ಹೇಳ್ರಿ, ನಾ ಬರಕೋತೇನಿ." ಸಂಕ್ರಾಂತಿಯ ಮುಂದೆ-ಹಿಂದೆ ಮೊದಲ ಸಲದ ಕೂಸುಗಳ ತಲೆಯ ಮೇಲೆ ಬಾರಿಹಣ್ಣು, ಚುರುಮುರಿ ಸುರಿಯುವ ಈ ಶಾಸ್ತ್ರವನ್ನು ವೈನಿ ಪ್ರತಿವರ್ಷ ಇಲ್ಲಿಯೇ ಮಾಡಿಸುತ್ತಿದ್ದರು. ಹಾಳೆಯ ಪದ್ಧತಿ ಮಾತ್ರ ಹೊಸದು, ಜೂನಿನಲ್ಲಿ ಮೋನಾಲಿ ತಂದದ್ದು. ಪ್ರತಿ ಕೂಸಿಗೂ ಹನ್ನೆರಡು ಪ್ರಶ್ನೆ, ಮರಾಠಿಯಲ್ಲಿ ಅಚ್ಚಾದವು. ಕೂರುತ್ತದೆಯೇ, ಹಿಡಿದು ನಿಲ್ಲುತ್ತದೆಯೇ, ಎರಡು ಬೆರಳಲ್ಲಿ ಕಾಳು ಹೆಕ್ಕುತ್ತದೆಯೇ. ಪ್ರಶ್ನೆಗಳ ಸಾಲು ತಿಂಗಳಿಂದ ತಿಂಗಳಿಗೆ ಬದಲಾಗುತ್ತಿರಲಿಲ್ಲವಾದ್ದರಿಂದ ಬಯಾಬಾಯಿಗೆ ಅವನ್ನು ಕೇಳಿಸಿಕೊಳ್ಳುವ ತೊಂದರೆಯೇ ಇರಲಿಲ್ಲ. ಪೆನ್ನು ಎಷ್ಟನೆಯ ಸಾಲಿನಲ್ಲಿದೆ ನೋಡಿದರೆ ಸಾಕು. ಐದನೆಯದು, ಹಾಕ ಮಾರಲ್ಯಾವರ ವಳತೋ. ಕರೆದರೆ ತಿರುಗುತ್ತಾನೆ. ಜೂನಿನಲ್ಲಿ, ಜುಲೈಯಲ್ಲಿ ಅದಕ್ಕೆ ಹೌದು ಎಂದದ್ದು ನಂಬಿ. ಕಣ್ಣಾರೆ ಕಂಡಿದ್ದಳು, ಬಡಿದಾಗಲೆಲ್ಲ ತಿರುಗುತ್ತಿದ್ದ. ಆಮೇಲಿನ ಹೌದುಗಳ ಮಾತು ಬೇರೆ.

ಪೆನ್ನು ಸೌರಭನ ಹಾಳೆಯ ಐದನೆಯ ಸಾಲಿಗೆ ಬಂದು ಒಂದು ಕ್ಷಣ ನಿಂತಿತು. ಬೇಕೆಂದೇ ನಿಂತಿತೇ? ಮೋನಾಲಿ ತಲೆ ಎತ್ತಿ ಅವಳ ಮುಖ ನೋಡಿದಳು. "ಹೌದ್ರಿ," ಎಂದಳು ಬಯಾಬಾಯಿ. ಪೆನ್ನು ಮುಂದೆ ಹೋಯಿತು. ಒಂದು ಗುರುತು, ಅಷ್ಟೇ. ಮೊದಲನೆಯ ಸುಳ್ಳಿಗೆ ಎದೆ ಹಾರಿತ್ತು, ಎರಡನೆಯದಕ್ಕೆ ಬಾಯಿ ಒಣಗಿತ್ತು, ಈಗ ಈ ಆರನೆಯ ಸಲ ಬರೀ ಹಲ್ಲುನೋವಿನಂಥದೊಂದು ಮಂದ ನೋವು. ಮನುಷ್ಯನಿಗೆ ಎಲ್ಲವೂ ಅಭ್ಯಾಸವಾಗುತ್ತದೆ, ಸುಳ್ಳಂತೂ ಬೇಗ ಅಭ್ಯಾಸವಾಗುತ್ತದೆ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇದೇ ಮೋನಾಲಿ ಜೂನಿನಲ್ಲಿ ತಾಯಂದಿರನ್ನೆಲ್ಲ ಕೂರಿಸಿ ಹಾಳೆಯನ್ನು ವಿವರಿಸುವಾಗ ಹೇಳಿದ್ದು ತುಟಿಯ ಮೇಲೆ ಸ್ಪಷ್ಟವಾಗಿ ಕಂಡಿತ್ತು: "ಕಿವಿಗೆ ಬಿದ್ರ ಅಷ್ಟ ಬಾಯಿಗೆ ಬರತೈತಿ. ಏನರ ಕಡಿಮಿ ಇತ್ತಂದ್ರ ಲಗೂ ತೋರಸಬೇಕು. ಒಂದೊಂದ ತಿಂಗಳ ತಡಾ ಆದ್ರೂ ಕೂಸಿಗೆ ಲುಕ್ಸಾನ." ಒಂದೊಂದು ತಿಂಗಳು. ಆಗ ಆ ಮಾತು ಬೇರೆ ಯಾರಿಗೋ ಹೇಳಿದ್ದೆಂದು ತಲೆಯಾಡಿಸಿದ್ದಳು.

ಎಂಟೂವರೆಗೆ ಮಯೂರಿ ಬಂದಳು, ಬಾಗಿಲಲ್ಲಿಯೇ ಸೌರಭ ಎರಡೂ ಕೈ ಚಾಚಿ ಬಯಾಬಾಯಿಯ ಮೇಲೆ ಜಿಗಿದ. "ತಗೋರಿ ನಿಮ್ಮ ಮಗನ್ನ," ಎಂದು ಮಯೂರಿ ನಕ್ಕಳು. ಇಪ್ಪತ್ತನಾಲ್ಕರ ಹುಡುಗಿ, ಗಾರ್ಮೆಂಟಿನಲ್ಲಿ ಕಾಲರು ಕೂರಿಸುವವಳು, ಬೆರಳ ತುದಿಗಳಲ್ಲಿ ಸೂಜಿಯ ಚುಕ್ಕೆಗಳು. "ಹೆತ್ತಾಕಿ ನಾನು, ಒಂಬತ್ತ ತಿಂಗಳ ಹೊತ್ತಾಕಿ ನಾನು, ಇಂವಾ ನಿಮ್ಮ ಕಂಡ್ರ ಹಿಂಗ ಜಿಗೀತಾನ. ಏನ್ ಮಾಟಾ ಮಾಡೀರಿ ಮಾವಶಿ?" ಬಯಾಬಾಯಿ ತಾನೂ ನಕ್ಕಳು. ಕೂಸಿನ ಬಾಯಿ ಒರೆಸಲು ಹೋದಾಗ ನಾಲಗೆಯ ತುದಿ ಕೆಂಪಗಾಗಿರುವುದು ಕಂಡಿತು. ಅವಳ ನೋಟ ಅಲ್ಲಿ ನಿಂತದ್ದನ್ನು ನೋಡಿ ಮಯೂರಿ ಸ್ವಲ್ಪ ನಾಚಿದಳು. "ನಮ್ಮತ್ತಿ ಕೆಲಸರಿ ಅದು. ಇನ್ನೂ ಆಯಿ ಅನ್ನವಲ್ದು, ಬಾಬಾ ಅನ್ನವಲ್ದು ಅಂತ ದಿನಾ ಮುಂಜಾನೆ ಬಜಿ ಬೇರ ತೇಯ್ದ ನಾಲಿಗಿಗೆ ತಿಕ್ಕತಾಳ. ಬಜಿ ತಿಕ್ಕಿದ್ರ ಮಾತ ಬರತಾವಂತ. ಕೂಸ ಹೆಂಗ ಅಳತೈತಿ ಗೊತ್ತೈತೇನ್ರಿ? ಮಾವಶಿ, ತಡಾ ಆತೇನ್ರಿ ಇವಂದು?"

ಹೇಳಬೇಕಾದದ್ದು ಆಗ. ಬಾಗಿಲಲ್ಲಿ ಬೇರೆ ಯಾರೂ ಇರಲಿಲ್ಲ, ಮಯೂರಿ ತಾನಾಗಿಯೇ ಕೇಳಿದ್ದಳು, ಕೇಳಿ ತುಟಿ ಮುಚ್ಚದೆ ಕಾಯುತ್ತಿದ್ದಳು. "ಗಂಡ ಹುಡುಗ್ರು ತಡಾನ ಯವ್ವಾ," ಎಂದಳು ಬಯಾಬಾಯಿ. "ನಮ್ಮ ಪ್ರತಾಪ ಎರಡ ವರ್ಷದ ತನಕ ಪಿಟ್ ಅಂದಿದ್ದಿಲ್ಲ. ಈಗ ನೋಡ, ಬಾಯಿಗೆ ಬೀಗ ಹಾಕಿದ್ರೂ ನಿಲ್ಲಂಗಿಲ್ಲ." ಮಯೂರಿಯ ಹೆಗಲು ಇಳಿಯಿತು, ಮುಖ ಸಡಿಲವಾಯಿತು, ನಾಲ್ಕಕ್ಕೆ ಅರ್ಧ ದಿನದ ರಜೆ ಹಾಕಿ ಬರುವುದಾಗಿ ಹೇಳಿ ಓಡಿದಳು. ಪ್ರತಾಪ ಹತ್ತನೆಯ ತಿಂಗಳಿಗೇ ಅವ್ವಾ ಎಂದಿದ್ದ. ಸುಳಕೂಡದ ತವರುಮನೆಯ ಪಡಸಾಲೆಯಲ್ಲಿ, ಜೋಳದ ಚೀಲಕ್ಕೆ ಒರಗಿಕೊಂಡು. ಆಗ ಅವಳ ಕಿವಿ ಇನ್ನೂ ಕಿವಿಯಾಗಿತ್ತು. ಆ ದನಿಯ ತೆಳುವು ಇವತ್ತಿಗೂ ನೆನಪಿದೆ. ಮಗನ ಮೊದಲ ಮಾತನ್ನು ಕೂಡ ತನ್ನ ಅಳುಕು ಮುಚ್ಚಲು ಮಾರಿಕೊಂಡೆನಲ್ಲ ಎಂದು ಅವಳು ಸೌರಭನನ್ನು ಎದೆಗವಚಿಕೊಂಡು ಒಳಗೆ ಹೋದಳು. ನಾಲಗೆಗೆ ಏನೂ ಆಗಿಲ್ಲವೆಂದು ತಿಳಿದವಳು ಇಡೀ ಇಚಲಕರಂಜಿಯಲ್ಲಿ ತಾನೊಬ್ಬಳು.

ಮಗ್ಗದ ಗಲ್ಲಿಯ ಕೂಸುಗಳು ಸದ್ದಿನಲ್ಲಿ ಮಲಗುತ್ತವೆ. ಸದ್ದು ನಿಂತರೆ ಏಳುತ್ತವೆ. ಇದು ಇಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಶ್ರಾವಣದ ಎರಡನೆಯ ಸೋಮವಾರ, ಊಟ ಮುಗಿಸಿ ಎಲ್ಲವನ್ನೂ ಮಲಗಿಸಿ ಅವಳು ಗೋಡೆಗೆ ಒರಗಿದ್ದಾಗ ಲೈಟ್ ಹೋಯಿತು. ಅಂಗಾಲಿನ ನಡುಕ ಒಮ್ಮೆಗೇ ಸತ್ತಿತು, ಒಂದರ ಹಿಂದೆ ಒಂದು ಆರು ಬಾಯಿ ತೆರೆದವು, ಆರು ಮುಖ ಕೆಂಪಾದವು. ಜೋಳಿಗೆಯಲ್ಲಿದ್ದ ಸೌರಭ ಮಾತ್ರ ಕಣ್ಣುರೆಪ್ಪೆ ಸಹ ಅಲುಗಿಸದೆ ಮಲಗಿದ್ದ. ಜೋಳಿಗೆ ನೆಲಕ್ಕೆ ತಾಗುವುದಿಲ್ಲವಲ್ಲ, ಅದಕ್ಕೇ, ಎಂದುಕೊಂಡಳು. ಅಂದುಕೊಂಡವಳಿಗೇ ಆ ಮಾತಿನೊಳಗಿನ ಹುಳುಕು ಹೊಳೆಯಿತು. ನೆಲಕ್ಕೆ ತಾಗಿದರೆ ತಿಳಿಯುವುದು, ತಾಗದಿದ್ದರೆ ತಿಳಿಯದಿರುವುದು, ಅದು ಅವಳ ಸ್ವಂತ ಸಂಗತಿ. ಕೂಸಿನದು ಹಾಗೆ ಯಾಕಿರಬೇಕು? ಮರುದಿನ ಮೋನಾಲಿ ಊಟಕ್ಕೆ ಹೋದಾಗ ಸೌರಭನನ್ನು ಕೂರಿಸಿ, ಹಿಂದಿನಿಂದ, ನೆಲಕ್ಕೆ ತಾಗಿಸದೆ, ಸ್ಟೀಲಿನ ತಾಟಿಗೆ ಚಮಚದಿಂದ ಬಾರಿಸಿದಳು. ತಾಟಿನ ನಡುಕ ಅವಳ ಬೆರಳಿಗೆ ಹತ್ತಿತು, ಉಳಿದ ಕೂಸುಗಳೆಲ್ಲ ಬೆಚ್ಚಿ ನೋಡಿದವು. ಅವನು ಚಾಪೆಯ ಒಂದು ಎಳೆಯನ್ನು ಎಳೆಯುತ್ತಿದ್ದವನು ಎಳೆಯುತ್ತಲೇ ಇದ್ದ. ಮೂರು ಸಲ ಬಾರಿಸಿದಳು. ಆಮೇಲೆ ತಾಟನ್ನು ಸೆರಗಿನಲ್ಲಿ ಸುತ್ತಿ, ಕದ್ದ ವಸ್ತುವಿನ ಹಾಗೆ ಮೂಲೆಯಲ್ಲಿಟ್ಟಳು.

ಆವತ್ತೇ ಯಾಕೆ ಹೇಳಲಿಲ್ಲ? ಈ ಪ್ರಶ್ನೆಗೆ ಅವಳ ಹತ್ತಿರ ಐದಾರು ಉತ್ತರಗಳಿದ್ದವು, ಎಲ್ಲವೂ ಸ್ವಲ್ಪ ಸ್ವಲ್ಪ ನಿಜ. ಹಬ್ಬ ಮುಗಿಯಲಿ. ಹುಡುಗಿ ಎಳೆಯವಳು, ಎದೆ ಒಡೆದುಕೊಂಡಾಳು. ಅತ್ತೆ ಸೊಸೆಯನ್ನೇ ಬೈದಾಳು. ಕೂಸು ಇನ್ನೂ ಸಣ್ಣದು, ತಾನಾಗಿಯೇ ಸರಿಹೋದೀತು. ಇವೆಲ್ಲದರ ಅಡಿಯಲ್ಲಿ, ಬಾವಿಯ ತಳದಲ್ಲಿ ಕೂತ ಆಮೆಯ ಹಾಗೆ, ಒಂದು ಉತ್ತರ ಅಲುಗಾಡದೆ ಕೂತಿತ್ತು: ನಿನಗೆ ಹೇಗೆ ತಿಳಿಯಿತು ಎಂದು ಯಾರಾದರೂ ಕೇಳಿದರೆ? ಅದನ್ನು ಹೇಳಹೋದರೆ ನೆಲ ಬಡಿಯುವ ಮಾತು ಬರುತ್ತದೆ, ಅದರಿಂದ ಕಾಂಡಿಯ ಶೆಡ್ಡಿನ ಮಾತು, ಅಲ್ಲಿಂದ ಅವಳ ಕಿವಿಯ ಮಾತು. ಕಿವುಡಿಯ ಕೈಗೆ ಏಳು ಕೂಸು ಯಾರು ಕೊಡುತ್ತಾರೆ? ಎರಡು ವರ್ಷದ ಹಿಂದೆ ಒಮ್ಮೆ ಕಾಂಚನ ವೈನಿ ಹಿಂದಿನಿಂದ ಮೂರು ಸಲ ಕೂಗಿ, ಕೊನೆಗೆ ಹೆಗಲು ಹಿಡಿದು ತಿರುಗಿಸಿ, "ಏನ ಬಯಾಬಾಯಿ, ಕಿವಿ ಊರಾಗ ಬಿಟ್ಟ ಬಂದಿಯೇನ?" ಎಂದಿದ್ದರು. ನಾಲ್ಕು ಜನ ತಾಯಂದಿರು ನಕ್ಕಿದ್ದರು. ಅವಳೂ ಎಲ್ಲರಿಗಿಂತ ಜೋರಾಗಿ ನಕ್ಕು, "ಹೌದ್ರಿ ವೈನಿ, ಸಂಕೇಶ್ವರ ಎಸ್.ಟಿ. ಬಸ್ಸಿನ್ಯಾಗ ಬಿಟ್ಟೆ ನೋಡ್ರಿ," ಎಂದಿದ್ದಳು. ಆ ದಿನದಿಂದ ಬೆನ್ನನ್ನು ಸದಾ ಗೋಡೆಗೆ ಕೊಟ್ಟೇ ಕೂರುತ್ತಿದ್ದಳು. ಜನ ಬಾಯಿ ತೆರೆಯುವ ಮೊದಲೇ ತಾನು ಮಾತು ಶುರುಮಾಡುವುದು, ಎಲ್ಲರೂ ನಕ್ಕಾಗ ನಗುವುದು, ಸಂಶಯ ಬಂದಾಗ ಹೌದು ಎನ್ನುವುದು. ಬಡವರು ಇಷ್ಟನ್ನು ಕಲಿತರೆ ಅರ್ಧ ಜೀವನ ದಾಟುತ್ತದೆ.

ಸೌರಭನೂ ಅದನ್ನೇ ಕಲಿಯುತ್ತಿದ್ದ. ಇದು ಅವಳನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುತ್ತಿತ್ತು. ಹದಿಮೂರು ತಿಂಗಳ ಕೂಸು, ಯಾರ ಮುಖ ಅರಳಿದರೂ ತಾನೂ ಅರಳಿ, ಯಾರ ಕಣ್ಣು ಯಾವ ಕಡೆ ಹೋದರೂ ತಾನೂ ಆ ಕಡೆ ನೋಡಿ, ತುಟಿಗಳನ್ನು ಮಾತಿನ ಹಾಗೆ ಆಡಿಸಿ, ಕೇಳುವವರ ನಡುವೆ ಕೇಳುವವನಾಗಿ ದಾಟಿಕೊಂಡಿದ್ದ. ತಾನು ಹೇಳಿಕೊಟ್ಟೆನೋ, ಅವನೇ ಕಲಿತನೋ. ಮಧ್ಯಾಹ್ನ ಅವನಿಗೆ ಬೇಳೆಗಂಜಿ ಉಣಿಸಿ ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಜೋಗುಳ ಹೇಳಿದಳು. ಅವನು ಎಂದಿನಂತೆ ಕೈ ಎತ್ತಿ ಅವಳ ಗಂಟಲ ಮೇಲೆ ಅಂಗೈ ಇಟ್ಟ. ಗಂಟಲು ನಡುಗಿದಷ್ಟು ಹೊತ್ತು ಕಣ್ಣು ತೆರೆದು ನೋಡುತ್ತಿದ್ದ, ನಿಂತರೆ ಬೆರಳಿಂದ ಗೀರುತ್ತಿದ್ದ, ಇನ್ನೂ ಬೇಕು ಎಂದು. ತನ್ನ ಹಾಡು ತನಗೇ ಕೇಳದ ಹೆಂಗಸು, ಅದನ್ನು ಅಂಗೈಯಲ್ಲಿ ಕೇಳುವ ಕೂಸು. ಈ ಗುಟ್ಟು ಬಿಟ್ಟುಕೊಡಲು ತನಗೆ ಮನಸ್ಸಿಲ್ಲ ಎಂಬುದು ಥಟ್ಟನೆ ಅವಳಿಗೆ ಕಂಡಿತು. ಕೆಲಸ ಹೋಗುವ ಹೆದರಿಕೆ ಒಂದೇ ಅಲ್ಲ. ತಾಯಿಯನ್ನು ಬಿಟ್ಟು ತನ್ನ ಮೇಲೆ ಜಿಗಿಯುವ ಈ ಒಂದು ಜೀವದ ಸೊಕ್ಕು ಕೂಡ ಅದರಲ್ಲಿತ್ತು. ಅವನು ತನ್ನ ಹಾಗಿದ್ದ ತನಕ ತನ್ನವನು. ಅವಳು ಹಾಡು ನಿಲ್ಲಿಸಿದಳು. ಕೂಸು ಗಂಟಲನ್ನು ಗೀರಿತು, ಮತ್ತೆ ಗೀರಿತು. ಅವಳು ಹಾಡಲಿಲ್ಲ.

ನಾಲ್ಕಕ್ಕೆ ಚಾಪೆಗಳನ್ನು ಸುತ್ತಿಟ್ಟು ಮಧ್ಯದಲ್ಲಿ ಉದ್ದನೆಯ ಮಣೆ ಹಾಕಿ ಐದು ಕೂಸುಗಳನ್ನು ಕೂರಿಸಿದರು. ಎಲ್ಲಕ್ಕೂ ಕಪ್ಪು ಬಟ್ಟೆ, ಕೊರಳಿಗೆ, ಕೈಗೆ, ಹಣೆಗೆ ಕುಸುರೆಳ್ಳಿನ ಬಿಳಿ ಒಡವೆ. ಮಯೂರಿ ಕೆಲಸದಿಂದ ಓಡಿಬಂದವಳು ಸೌರಭನ ತಲೆಗೆ ಕುಸುರೆಳ್ಳಿನ ಕಿರೀಟ ಕಟ್ಟಿ, ಮೊಬೈಲಿನಲ್ಲಿ ಫೋಟೋ ತೆಗೆದು, ನೆಕ್ಕಲು ಹೋದವನ ಕೈ ಬಿಡಿಸಿ, ಮತ್ತೆ ಫೋಟೋ ತೆಗೆದಳು. ಬಯಾಬಾಯಿ ಮಣೆಯ ತುದಿಯಲ್ಲಿ, ಕೂಸುಗಳು ವಾಲಿದರೆ ಹಿಡಿಯಲೆಂದು, ಒಂದು ಕೈ ಮಣೆಯ ಮೇಲೆ ಊರಿ ಕೂತಿದ್ದಳು. ಕಾಂಚನ ವೈನಿ ಬುಟ್ಟಿ ಎತ್ತಿ ಚುರುಮುರಿ, ಬಾರಿಹಣ್ಣು, ಕಬ್ಬಿನ ಚೂರುಗಳನ್ನು ತಲೆಗಳ ಮೇಲೆ ಸುರಿದರು. ದೊಡ್ಡ ಮಕ್ಕಳು ಹೆಕ್ಕಲು ನುಗ್ಗಿದವು. ಯಾರೋ ಚಪ್ಪಾಳೆ ತಟ್ಟಿದರು; ವೈನಿಗೆ ಹುರುಪು ಬಂದು ಹಿತ್ತಾಳೆಯ ತಾಟು ತೆಗೆದುಕೊಂಡು ಸೌಟಿನಿಂದ ಬಾರಿಸಲು ಶುರುಮಾಡಿದರು. ನಾಲ್ಕು ಕೂಸು ಬೆಚ್ಚಿ ಅಳತೊಡಗಿದವು. ಸೌರಭ ಮೊಣಕಾಲ ಮೇಲೆ ಬಿದ್ದ ಒಂದು ಬಾರಿಹಣ್ಣನ್ನು ನೋಡಿ ನಗುತ್ತಿದ್ದ.

"ನನ್ನ ಮಗ ನೋಡ್ರಿ, ಅಂಜಂಗೇ ಇಲ್ಲ!" ಎಂದಳು ಮಯೂರಿ. ಮುಖದ ತುಂಬ ಹೆಮ್ಮೆ. "ಮಗ್ಗದ ಓಣ್ಯಾಗ ಬೆಳದಂವ. ಇವಗ ಬ್ಯಾಂಡ್ ಹಚ್ಚಿದ್ರೂ ಹಿಂಗ ನಗತಾನ."

ಮೋನಾಲಿ ನಗಲಿಲ್ಲ. ಅವಳು ಹಾಳೆಗಳನ್ನು ಎದೆಗೆ ಹಿಡಿದು ಕೂಸಿನ ಹಿಂದೆ ಬಂದು ನಿಂತದ್ದನ್ನೂ, ಬಗ್ಗಿದ್ದನ್ನೂ, ತುಟಿ ತೆರೆದದ್ದನ್ನೂ ಬಯಾಬಾಯಿ ನೋಡಿದಳು. "ಸೌರಭ!" ತುಟಿ ಮತ್ತೆ ತೆರೆಯಿತು, ದೊಡ್ಡದಾಗಿ. "ಸೌರಭ!" ಮಯೂರಿಯ ನಗು ಅರ್ಧದಲ್ಲಿ ನಿಂತಿತು. ಆಗ ಬಯಾಬಾಯಿಯ ಕೈ, ಅವಳನ್ನು ಕೇಳದೆ, ಮಣೆಯ ಮೇಲೆ ಎರಡು ಸಲ ಬಡಿಯಿತು. ಕೂಸು ತಲೆ ಎತ್ತಿ ತಿರುಗಿತು.

"ತಿರಗಿದ ನೋಡ್ರಿ," ಎಂದರು ವೈನಿ. ಮಯೂರಿ ಉಸಿರು ಬಿಟ್ಟಳು. ಮೋನಾಲಿಯೂ ತಪ್ಪು ತಿಳಿದೆನೇನೋ ಎಂಬಂತೆ ಹಿಂದೆ ಸರಿದಳು. ಎಲ್ಲವೂ ಮೊದಲಿನಂತಾಯಿತು, ಎಲ್ಲರೂ ಉಳಿದುಕೊಂಡರು. ಬಯಾಬಾಯಿ ಮಣೆಯ ಮೇಲೆ ಬಿದ್ದಿದ್ದ ತನ್ನ ಕೈಯನ್ನು ನೋಡಿದಳು. ಈವರೆಗೆ ಸುಳ್ಳು ಹೇಳಿದ್ದು ಬಾಯಿ. ಬಾಯಿಗೆ ಹೆದರಿಕೆಯಿತ್ತು, ಅದನ್ನು ಕ್ಷಮಿಸಬಹುದು. ಇದು ಯಾವ ಹೆದರಿಕೆಯೂ ಇಲ್ಲದೆ, ನುರಿತ ಕೆಲಸಗಾರನ ಹಾಗೆ, ತನ್ನಷ್ಟಕ್ಕೆ ಮಾಡಿ ಮುಗಿಸಿ ಸುಮ್ಮನೆ ಬಿದ್ದುಕೊಂಡಿತ್ತು. ಇನ್ನು ಒಂದು ವರ್ಷ ಬೇಕಾದರೂ ಅದು ಹೀಗೆ ಮಾಡುತ್ತಿರುತ್ತದೆ, ಮಾಡಿದ್ದು ಅವಳಿಗೂ ಗೊತ್ತಾಗುವುದಿಲ್ಲ.

"ಅವಗ ಕಿವಿ ಕೇಳಂಗಿಲ್ಲ," ಎಂದಳು.

ಎಷ್ಟು ಜೋರಾಗಿ ಹೇಳಿದಳೋ ಅವಳಿಗೆ ತಿಳಿಯಲಿಲ್ಲ. ಮುಖಗಳನ್ನು ನೋಡಿ ತಿಳಿದುಕೊಂಡಳು. ಖೋಲಿಯಲ್ಲಿದ್ದ ಎಲ್ಲರೂ ಅವಳ ಕಡೆ ತಿರುಗಿದ್ದರು, ಬಾರಿಹಣ್ಣು ಹೆಕ್ಕುತ್ತಿದ್ದ ಮಕ್ಕಳು ಕೂಡ. ವೈನಿಯ ಸೌಟು ಗಾಳಿಯಲ್ಲಿ ನಿಂತಿತ್ತು. "ಏನ್ ಮಾತ ಬಯಾಬಾಯಿ, ಹಬ್ಬದ ದಿವಸ?" ಎಂದರು. "ಈಗ ತಿರಗಿದ್ನಲ್ಲಾ!"

"ನಾ ಮಣಿ ಬಡದೆ, ಅದಕ್ಕ ತಿರಗಿದ. ಮಣಿ ನಡಗತೈತಿ, ಅದು ಅವಗ ತಿಳಿತೈತಿ. ಹೆಸರಿಗೆ ಅವ ಯಾವತ್ತೂ ತಿರಗಿಲ್ರಿ."

ಮಯೂರಿ ವೈನಿಯ ಕೈಯಿಂದ ತಾಟು, ಸೌಟು ತೆಗೆದುಕೊಂಡಳು, ಬಯಾಬಾಯಿಯ ಕೈಯನ್ನು ಮಣೆಯಿಂದ ಎತ್ತಿ ಆಚೆ ಸರಿಸಿದಳು, ಮಗನ ಬೆನ್ನ ಹಿಂದೆ ಮಂಡಿಯೂರಿದಳು. ಬಾರಿಸಿದಳು. ಉಳಿದ ನಾಲ್ಕು ಕೂಸು ಮತ್ತೆ ಚೀರಿದವು, ಅವುಗಳ ತಾಯಂದಿರು ಅವನ್ನು ಎತ್ತಿಕೊಂಡು ದೂರ ಸರಿದರು. ಅವಳು ಬಾರಿಸಿದಳು. ಸೌರಭ ಎರಡು ಬೆರಳಲ್ಲಿ ಬಾರಿಹಣ್ಣನ್ನು ಹೆಕ್ಕಿ, ತಿರುಗಿಸಿ ನೋಡಿ, ಬಾಯಿಗಿಟ್ಟುಕೊಂಡ. ಮೋನಾಲಿ ಬಂದು ಹೆಗಲ ಮೇಲೆ ಕೈ ಇಡುವ ತನಕ ಮಯೂರಿ ಬಾರಿಸುತ್ತಲೇ ಇದ್ದಳು. ಆಮೇಲೆ ತಾಟನ್ನು ಮೆಲ್ಲಗೆ, ಸದ್ದಾಗಬಾರದೆಂಬಂತೆ, ನೆಲದ ಮೇಲಿಟ್ಟಳು. ಕೂಸಿನ ಬಾಯೊಳಗೆ ಬೆರಳು ಹಾಕಿ ಹಣ್ಣಿನ ಬೀಜ ತೆಗೆದಳು.

"ಯಾವಾಗಿಂದ ಗೊತ್ತು ನಿಮಗ?"

"ಶ್ರಾವಣದಿಂದ."

ಮಯೂರಿಯ ತುಟಿಗಳು ತಿಂಗಳು ಎಣಿಸಿದವು. "ದೀಪಾವಳ್ಯಾಗ," ಎಂದಳು, "ಓಣ್ಯಾಗಿನ ಹುಡುಗ್ರು ನಮ್ಮ ಬಾಗಲದಾಗ ಪಟಾಕಿ ಸರಾ ಹಚ್ಚಿದ್ರು. ಇಂವಾ ನನ್ನ ತೊಡಿಮ್ಯಾಲ ಮಲಗಿದಾಂವ ಮಿಸುಕಾಡಲಿಲ್ಲ. ನನ್ನ ಎದಿ ಧಸಕ್ ಅಂತು. ಗಂಡ ಲಖನ್‌ಗ ಹೇಳಲಿಲ್ಲ, ಅತ್ತಿಗೆ ಹೇಳಲಿಲ್ಲ. ಎದ್ದ ಹೋಗಿ ಟ್ರಂಕಿನ್ಯಾಗಿಂದ ನಿಮ್ಮ ಹಾಳಿ ತಗದ ನೋಡಿದೆ. ಹೌದು ಅಂತಿತ್ತು. ಅದರ ಹಿಂದಿಂದೂ ಹೌದು ಅಂತಿತ್ತು. ದಿನಾ ಹತ್ತ ತಾಸ ನೋಡೂ ಮಾವಶಿಗಿಂತ ನಂಗೇನ ಹೆಚ್ಚ ಗೊತ್ತ ಅಂತ ಹಾಳಿ ಒಳಗಿಟ್ಟ ನಿದ್ದಿ ಮಾಡಿದೆ. ನಾ ನಿದ್ದಿ ಮಾಡಿದೆ ಮಾವಶಿ."

ಇದಕ್ಕೆ ಬಯಾಬಾಯಿ ತಯಾರಿರಲಿಲ್ಲ. ಬೈಗುಳಕ್ಕೆ, ಅಳುವಿಗೆ, ಹೊಡೆತಕ್ಕೆ ಕೂಡ ತಯಾರಿದ್ದಳು. ತನ್ನ ಒಂದು ಗುರುತು ಒಬ್ಬ ತಾಯಿಯ ಎದೆಯಲ್ಲಿ ತಾನಾಗಿಯೇ ಎದ್ದ ಸಂಶಯವನ್ನು ತಟ್ಟಿ ಮಲಗಿಸಿತ್ತು ಎಂಬುದನ್ನು ಈ ಐದು ತಿಂಗಳಲ್ಲಿ ಒಮ್ಮೆಯೂ ನೆನೆದಿರಲಿಲ್ಲ. "ನಂಗೂ ಕೇಳಂಗಿಲ್ಲ ಯವ್ವಾ," ಎಂದಳು. "ಕಾಂಡಿ ಶೆಡ್ಡಿನ್ಯಾಗ ಹೋತು. ನಿಮ್ಮೆಲ್ಲಾರ ತುಟಿ ನೋಡಿ ಮಾತಾಡತೇನಿ. ಇವಂದ ಹೇಳಿದ್ರ ನಂದೂ ಹೊರಗ ಬೀಳತೈತಿ ಅಂತ…" ಹೇಳುತ್ತಿದ್ದಂತೆ ಅದು ಕ್ಷಮೆ ಬೇಡುವ ಮಾತಿನ ಹಾಗಿರದೆ, ನೆಪ ತೆಗೆಯುವ ಮಾತಿನ ಹಾಗಿದೆ ಎನಿಸಿ ನಿಲ್ಲಿಸಿದಳು.

"ನಿಂದ ಮುಚ್ಚಾಕ ನನ್ನ ಮಗಂದ ಮುಚ್ಚಿದಿ," ಎಂದಳು ಮಯೂರಿ. ಮೊದಲ ಸಲ ನೀ ಎಂದಿದ್ದಳು.

"ಹೌದು."

ಮೋನಾಲಿ ಕೊಲ್ಹಾಪುರದ ಸರಕಾರಿ ದವಾಖಾನೆಯಲ್ಲಿ ಸಣ್ಣ ಕೂಸುಗಳ ಕಿವಿ ತಪಾಸಣೆ ಮಾಡುತ್ತಾರೆಂದು, ನಾಳೆಯೇ ಹೋಗಬೇಕೆಂದು, ಈಗಲೂ ಹೊತ್ತು ಮೀರಿಲ್ಲವೆಂದು ಮಯೂರಿಗೆ ಹೇಳುತ್ತಿದ್ದಳು. ಕಾಂಚನ ವೈನಿ ಬುಟ್ಟಿ ಕೆಳಗಿಟ್ಟು ಬಯಾಬಾಯಿಯ ಎದುರಿಗೇ ಬಂದು, ಈಗ ಗೊತ್ತಾಯಿತಲ್ಲ ಎಂಬಂತೆ, ಒಂದೊಂದು ಮಾತನ್ನೂ ತುಟಿ ಅಗಲಿಸಿ ಹೇಳಿದರು. "ಏಳ ಕೂಸ. ಕಿವಿ ಕೇಳದಾಕಿ ಕೈಯಾಗ ಏಳ ಕೂಸ ಬಿಟ್ಟಿದ್ನಲ್ಲಾ ನಾ. ಒಂದ ಉರುಳಿ ಬಿದ್ದಿದ್ರ? ನಾಳಿಂದ ಬರಬ್ಯಾಡ. ನಮ್ಮವ್ರ ಜೋಡಿ ಮಾತಾಡಿ ಹೇಳತೇನಿ." ಎಂಟು ವರ್ಷದಲ್ಲಿ ಒಂದೂ ಉರುಳಿ ಬಿದ್ದಿಲ್ಲವೆಂದು, ಕಿವಿಯಿದ್ದವರು ಬೆನ್ನು ತಿರುಗಿಸಿಕೊಂಡು ಕೂಸು ನೋಡುತ್ತಾರೆ, ತಾನು ಒಂದು ದಿನವೂ ಕಣ್ಣು ತೆಗೆದಿಲ್ಲವೆಂದು ಹೇಳಬಹುದಿತ್ತು. ನಿಜವಾಗಿತ್ತು. ಆದರೆ ಇವತ್ತು ಅದನ್ನು ಹೇಳುವ ಬಾಯಿ ತನ್ನದಲ್ಲ ಎನಿಸಿತು. ತಾಯಂದಿರು ಎಂದಿಗಿಂತ ಬೇಗ ಕೂಸುಗಳನ್ನು ಎತ್ತಿಕೊಂಡು ಹೊರಟರು. ಒಬ್ಬಳು ಮೆಟ್ಟಿಲಲ್ಲಿ ನಿಂತು ತನ್ನ ಕೂಸಿನ ಕಿವಿಯ ಹತ್ತಿರ ಚಿಟಿಕೆ ಹೊಡೆದು ನೋಡಿದಳು. ಮಯೂರಿ ಸೌರಭನ ಕಿರೀಟ ಬಿಚ್ಚಿ ಚೀಲಕ್ಕೆ ಹಾಕಿ, ಹಾಳೆಯನ್ನು ತೆಗೆದುಕೊಳ್ಳದೆ ಹೋದಳು. ಬಾಗಿಲು ದಾಟುವಾಗ ಕೂಸು ಅವಳ ಹೆಗಲ ಮೇಲಿಂದ ಬಯಾಬಾಯಿಯ ಕಡೆಗೆ ಎರಡೂ ಕೈ ಚಾಚಿತು. ಬಯಾಬಾಯಿ ಮುಖ ತಿರುಗಿಸಿದಳು.

ಮಣೆ ಎತ್ತಿಟ್ಟು, ತುಳಿದು ಒಡೆದ ಬಾರಿಹಣ್ಣುಗಳನ್ನು ಗುಡಿಸಿ, ಲಂಗೋಟಿಗಳನ್ನು ಮಡಿಚಿ, ಥರ್ಮಾಸು ತೊಳೆದು ಬೋರಲು ಹಾಕಿದಳು. ನಾಳೆ ಬರುವವಳಿಗೆ ಯಾವ ಕೂಸು ಯಾವ ಹಾಲು ಕುಡಿಯುತ್ತದೆ, ಯಾವುದಕ್ಕೆ ಬಾಳೆಹಣ್ಣು ಆಗುವುದಿಲ್ಲ ಎಂಬುದನ್ನು ಮೋನಾಲಿಗೆ ಹೇಳಿದಳು; ಮೋನಾಲಿ ಬರೆದುಕೊಂಡಳು, ಇವತ್ತು ಯಾವ ಪ್ರಶ್ನೆಯನ್ನೂ ಕೇಳದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಕಾಲು ತೂರಿಸುವಾಗ ಅವಳಿಗೆ ಆಶ್ಚರ್ಯವೆನಿಸಿದ್ದು, ಐದು ತಿಂಗಳಿಂದ ಅಷ್ಟು ಹೆದರಿದ್ದ ಸಂಗತಿ ಆಗಿಹೋಗಲು ಒಂದು ತಾಸು ಕೂಡ ಹಿಡಿದಿರಲಿಲ್ಲ ಎಂಬುದು. ಹಗುರವೇನೂ ಆಗಿರಲಿಲ್ಲ. ಹೇಳಿದರೆ ಹಗುರವಾಗುತ್ತದೆ ಎನ್ನುವವರು ಹೇಳುವುದಕ್ಕೆ ಐದು ತಿಂಗಳು ತೆಗೆದುಕೊಂಡಿರಲಾರರು.

ಮೆಟ್ಟಿಲ ಮೇಲೆ ನೆರಳು ಬಿತ್ತು. ಮಯೂರಿ ನಿಂತಿದ್ದಳು, ಸೌರಭ ಅವಳ ಹೆಗಲ ಮೇಲೆ ನಿದ್ದೆಹೋಗಿದ್ದ. ಅವಳು ಪಕ್ಕದಲ್ಲಿ ನಿಂತು ಏನೋ ಹೇಳಿದಳು, ಬಯಾಬಾಯಿಗೆ ಕೆನ್ನೆ ಆಡಿದ್ದು ಮಾತ್ರ ಕಂಡಿತು. ಮಯೂರಿ ಒಂದು ಕ್ಷಣ ಕಾದು, ಸಿಟ್ಟಿನಿಂದಲೇ ಎರಡು ಮೆಟ್ಟಿಲು ಕೆಳಗಿಳಿದು, ಎದುರಿಗೆ ಬಂದು ನಿಂತು, ಮತ್ತೆ ಹೇಳಿದಳು.

"ನಾಳೆ ಎಂಟರ ಎಸ್.ಟಿ.ಗೆ ಕೊಲ್ಹಾಪುರಕ್ಕ ಹೊಂಟೇನಿ. ಯಾವಾಗಿಂದ ಹಿಂಗ, ಯಾವ ಸಪ್ಪಳಕ್ಕ ಏನ್ ಮಾಡತಾನ, ಯಾವುದಕ್ಕ ತಿರಗತಾನ, ಎಲ್ಲಾ ಕೇಳತಾರಂತ. ನಂಗೇನೂ ಗೊತ್ತಿಲ್ಲ. ಹೆತ್ತಾಕಿಗೆ ಗೊತ್ತಿಲ್ಲ, ನಿಮಗ ಗೊತ್ತೈತಿ. ನೀವ ಬರ್ರಿ."

"ಬರತೇನಿ."

"ಮಾಫ್ ಮಾಡೇನಿ ಅಂತ ತಿಳಕೋಬ್ಯಾಡ್ರಿ."

"ಇಲ್ಲ ಯವ್ವಾ."

"ಅಲ್ಲಿ ಎಲ್ಲಾ ಖರೇ ಹೇಳಬೇಕು. ನಿಮ್ಮ ಕಿವಿದೂ."

"ಹೇಳತೇನಿ." ಬಯಾಬಾಯಿ ಎದ್ದು ನಿಂತಳು. "ಶ್ರಾವಣದ ಎರಡನೇ ಸೋಮವಾರ ಮಯೂರಿ, ಮಧ್ಯಾಹ್ನ ಲೈಟ ಹೋಗಿತ್ತು, ಎಲ್ಲಾ ಕೂಸುಗೋಳು…"

ಮಯೂರಿ ಕೈ ಅಡ್ಡ ಹಿಡಿದಳು.

"ಈಗ ಬ್ಯಾಡ. ಈಗ ಅದನ್ನ ಕೇಳಿದ್ರ ನಾ ನಿಮ್ಮನ್ನ ಕರಕೊಂಡ ಹೋಗಂಗಿಲ್ಲ."